ಶೆಟ್ಟರ ಕಾಫಿಯ ಮೇಲೆ ಮೂರು ಸಾರ್ವಜನಿಕ ಪ್ರಕಟಣೆಗಳು

ಹಾಸನದಲ್ಲಿ ಕುಳಿತು ಆಜ್ಞೆ ಕೊಡುವುದು ಹೊಸ ಅಭ್ಯಾಸವೇನಲ್ಲ. ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದಲೂ ನಮ್ಮೂರಿನಿಂದಲೇ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳಿಗೆ ಹಾಗೆ ತಿರುಗು, ಹೀಗೆ ನಿಲ್ಲು ಎಂದು ಅಪ್ಪಣೆ ಕಳಿಸುತ್ತ ಬಂದಿದೆ. ಆದ್ದರಿಂದ ನಮ್ಮ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು, ಮೌಸನ್ನು ಮೂಲೆಗಿಟ್ಟು ಇನ್ನು ಮುಂದೆ ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪಿಸಿಯೇ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣ ಬಳಸುವುದಾಗಿ ಶೆಟ್ಟರ ಕಾಫಿ ಅಂಗಡಿಯಲ್ಲಿ ಘೋಷಿಸಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ತಕರಾರು ಬಂದದ್ದು ಹೆಸರಿನ ಮೇಲೆ.

"ಮಾಸ್ಟೊಡಾನ್ ಎಂದರೆ ಆನೆಯಲ್ಲವೇ?" ಎಂದು ಸಕಲೇಶಪುರದ ಕಡೆ ತೋಟವಿರುವ ಗೌಡರು ಲೋಟ ಕೆಳಗಿಟ್ಟರು. "ಹೋದ ವಾರವಷ್ಟೇ ಬೇಲಿ ಮುರಿದು ಬಾಳೆ ತಿಂದು ಹೋಗಿವೆ. ಇನ್ನು ಕಂಪ್ಯೂಟರಿನೊಳಗೂ ಬಿಟ್ಟುಕೊಳ್ಳಬೇಕೇ?"

ಅದು ಆನೆಗೆ ದೂರದ ನೆಂಟನೆಂದೂ, ಎಂದೋ ಅಳಿದುಹೋಯಿತೆಂದೂ ಮೇಷ್ಟ್ರು ಸಮಾಧಾನ ಹೇಳಿದರು. ಅಲ್ಲಿ ಬರೆದು ಹಾಕುವ ಮಾತನ್ನು ಮೊದಲೆಲ್ಲ ಟೂಟ್ ಎನ್ನುತ್ತಿದ್ದರಂತೆ, ಘೀಳಿಟ್ಟ ಹಾಗೆ. ಮೇಷ್ಟ್ರು ಹಾಕಿಕೊಂಡಿರುವ ಆಜ್ಞಾಸಾಲಿನ ತಂತ್ರಾಂಶದ ಹೆಸರೂ ಟೂಟ್ ಎಂದೇ. ಅಳಿದುಹೋಗಿದ್ದರೆ ತಮ್ಮ ಅಭ್ಯಂತರವಿಲ್ಲವೆಂದು ಗೌಡರು ಮತ್ತೆ ಲೋಟ ಎತ್ತಿಕೊಂಡರು.

ವಕೀಲರ ಪ್ರಶ್ನೆ ಬೇರೆಯದಾಗಿತ್ತು. "ಮಾಲೀಕರು ಯಾರು, ಮೇಷ್ಟ್ರೇ? ನೋಟಿಸು ಕೊಡಬೇಕಾಗಿ ಬಂದರೆ ಯಾವ ವಿಳಾಸಕ್ಕೆ ಕೊಡಬೇಕು?"

ಒಬ್ಬ ಮಾಲೀಕನಿಲ್ಲದಿರುವುದೇ ಅದರ ವಿಶೇಷವೆಂದು ಮೇಷ್ಟ್ರು ಪಾಠ ಆರಂಭಿಸಿದರು. 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಎಂಬ ತರುಣ ಈ ತಂತ್ರಾಂಶವನ್ನು ಬರೆದು ಹೊರಬಿಟ್ಟ. ಅದನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಕೂರಿಸಿಕೊಂಡು ತಮ್ಮದೇ ಊರು ಕಟ್ಟಬಹುದು. ಊರೂರಿನ ಸರ್ವರುಗಳು ಪರಸ್ಪರ ಮಾತಾಡುವ ಭಾಷೆಗೆ ಆಕ್ಟಿವಿಟಿಪಬ್ ಎಂದು ಹೆಸರು, 2018ರಲ್ಲಿ ಅದಕ್ಕೆ ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮನ್ನಣೆಯೂ ದೊರೆಯಿತು. ಅದಕ್ಕಾಗಿಯೇ ಅಲ್ಲಿ ಬರಿಯ ಹೆಸರು ಸಾಲದು, ಹೆಸರಿನ ಮುಂದೆ ಸರ್ವರಿನ ಹೆಸರೂ ಬೇಕು. ನಮ್ಮ ಸಂತೆಯಲ್ಲಿ "ಮಂಜಣ್ಣ" ಎಂದು ಕೂಗಿದರೆ ಎಂಟು ಜನ ತಿರುಗಿ ನೋಡುತ್ತಾರೆ, ಯಾವ ಊರಿನ ಮಂಜಣ್ಣನೆಂದು ಹೇಳಿದರೆ ಮಾತ್ರ ಸರಿಯಾದವನು ಸಿಗುತ್ತಾನೆ.

"ಹಾಗಾದರೆ ಹಾಲಿನ ಡೈರಿ ಎನ್ನಿ," ಎಂದರು ಗೌಡರು. "ಊರಿಗೊಂದು ಸಂಘ, ಸಂಘಕ್ಕೊಬ್ಬ ಕಾರ್ಯದರ್ಶಿ, ಎಲ್ಲಕ್ಕೂ ಸೇರಿ ಒಕ್ಕೂಟ."

ಮೇಷ್ಟ್ರು ಅರ್ಧ ಅಂಕ ಕೊಟ್ಟರು. ಒಕ್ಕೂಟವೆಂಬ ಮಾತು ಸರಿ, ಆದರೆ ಹಾಲೆಲ್ಲ ಕೊನೆಗೆ ಒಂದೇ ದೊಡ್ಡ ಡೈರಿಗೆ ಹೋಗಿ ಬೀಳುತ್ತದೆ. ಇಲ್ಲಿ ದೊಡ್ಡ ಡೈರಿಯೇ ಇಲ್ಲ; ಪ್ರತಿ ಸಂಘವೂ ತನಗೆ ಬೇಕಾದ ಸಂಘದೊಡನೆ ನೇರವಾಗಿ ಕ್ಯಾನು ಬದಲಾಯಿಸಿಕೊಳ್ಳುತ್ತದೆ, ಬೇಡವಾದ ಸಂಘಕ್ಕೆ ಬಾಗಿಲು ಹಾಕಿಕೊಳ್ಳುತ್ತದೆ. ನಿಮ್ಮ ಊರು ಬೇಸರವಾದರೆ ಹಿಂಬಾಲಕರನ್ನು ಕರೆದುಕೊಂಡು ಇನ್ನೊಂದು ಊರಿಗೆ ಒಕ್ಕಲು ಹೋಗಬಹುದು, ಆದರೆ ಬರೆದದ್ದೆಲ್ಲ ಹಳೆಯ ಮನೆಯಲ್ಲೇ ಉಳಿಯುತ್ತದೆ. "ಅಂದರೆ ದನಕರು ಜೊತೆಗೆ ಬರುತ್ತವೆ, ಜಮೀನು ಬರುವುದಿಲ್ಲ," ಎಂದು ಗೌಡರು ಪೂರ್ತಿ ಅಂಕ ವಸೂಲು ಮಾಡಿದರು.

ಕಪ್ಪು ಪರದೆಯ ಅಗತ್ಯವೇನು ಎಂಬ ನನ್ನ ಪ್ರಶ್ನೆಗೆ ಉತ್ತರ ಸರಳವಾಗಿತ್ತು. ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಬ್ರೌಸರು ತೆರೆದುಕೊಳ್ಳುವಷ್ಟರಲ್ಲಿ ಶೆಟ್ಟರ ಡಿಕಾಕ್ಷನ್ ಇಳಿದಿರುತ್ತದೆ. ಟರ್ಮಿನಲ್ ಎಂಬ ಆ ಕಪ್ಪು ಪರದೆ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಟೂಟ್ ಟೈಮ್‌ಲೈನ್ ಎಂದು ಟೈಪಿಸಿ ಎಂಟರ್ ಒತ್ತಿದರೆ ಒಂದಷ್ಟು ಬರಹ ತೋರಿಸಿ, ಮುಂದುವರಿಯಲೇ ಎಂದು ವಿನಯದಿಂದ ಕೇಳಿ ನಿಲ್ಲುತ್ತದೆ. ಈ ಕಾಲದಲ್ಲಿ ಅಪ್ಪಣೆ ಕೇಳುವ ಯಂತ್ರವನ್ನು ನಾನಂತೂ ಬೇರೆಲ್ಲಿಯೂ ಕಂಡಿಲ್ಲ. ಆದರೆ ಟೂಟ್ ಲಾಗಿನ್ ಎಂದು ಟೈಪಿಸಿದ ಮೊದಲ ದಿನ ಅದು ಬ್ರೌಸರನ್ನೇ ತೆರೆದು, ಅಲ್ಲಿ ಒಪ್ಪಿಗೆ ಕೊಟ್ಟು ಸಿಗುವ ಸಂಕೇತವನ್ನು ತಂದು ಇಲ್ಲಿ ಅಂಟಿಸಿರೆಂದು ಕೇಳಿತಂತೆ. ಸೊಸೆಯೊಡನೆ ಮಾತು ಬಿಟ್ಟವರು ಮನೆಯ ಬೀಗದ ಕೈಗಾಗಿ ಅವಳ ಮುಂದೆಯೇ ನಿಂತಂತಾಯಿತು ಎಂದರು ವಕೀಲರು.

ಹೀಗೆ ನಕ್ಕ ವಕೀಲರೇ ಮರುದಿನ ತಮ್ಮ ಕಚೇರಿಯ ಹಳೆಯ ಕಂಪ್ಯೂಟರಿಗೂ ಟೂಟ್ ಹಾಕಿಸಿಕೊಂಡದ್ದು ಮುಂದಿನ ಅನಾಹುತಕ್ಕೆ ಕಾರಣವಾಯಿತು. ಶೆಟ್ಟರ ಕಾಫಿಯಲ್ಲಿ ಈಚೆಗೆ ಚಿಕೋರಿ ಹೆಚ್ಚಾಗಿದೆಯೆಂಬ ಅನುಮಾನ ಅವರಿಗಿತ್ತು. ಅದನ್ನು ಮೇಷ್ಟ್ರಿಗೊಬ್ಬರಿಗೇ ತಿಳಿಸಬೇಕೆಂದು ಟೂಟ್ ಪೋಸ್ಟ್ ಎಂದು ಟೈಪಿಸಿ, ಉದ್ಧರಣ ಚಿಹ್ನೆಯೊಳಗೆ ಮೇಷ್ಟ್ರ ವಿಳಾಸವನ್ನೂ ದೂರನ್ನೂ ಬರೆದು ಎಂಟರ್ ಒತ್ತಿದರು. ಅದರೊಡನೆ ಮೈನಸ್ ಮೈನಸ್ ವಿಸಿಬಿಲಿಟಿ ಡೈರೆಕ್ಟ್ ಎಂದೂ ಸೇರಿಸಬೇಕಿತ್ತು. ಒಂದು ಉಪಕಲಮನ್ನು ಬಿಟ್ಟರೆ ಇಡೀ ಪ್ರಕರಣ ಬೀಳುತ್ತದೆಂದು ಕಕ್ಷಿದಾರರಿಗೆ ಮೂವತ್ತು ವರ್ಷ ಬೋಧಿಸಿದವರು ಆ ಉಪಕಲಮನ್ನೇ ಬಿಟ್ಟಿದ್ದರು. ಅವರ ಖಾತೆಯ ರೂಢಿಯಂತೆ ಆ ಮಾತು ಸಾರ್ವಜನಿಕವಾಗಿ ಹೊರಟುಹೋಯಿತು.

ಅಲ್ಲಿಗೆ ನಿಂತಿದ್ದರೆ ಒಂದೇ ಪ್ರಕಟಣೆಯಾಗುತ್ತಿತ್ತು. ಅವರ ಟರ್ಮಿನಲ್ ಪ್ರತಿ ಅಕ್ಷರಕ್ಕೂ ಅಳತೆಯ ಗೂಡು ಮಾಡಿಟ್ಟುಕೊಂಡಿರುವಂಥದ್ದು. ಇಂಗ್ಲಿಷಿನ ಅಕ್ಷರಗಳು ಶಾಲೆಯ ಮಕ್ಕಳಂತೆ ಸಾಲಾಗಿ ಕೂರುತ್ತವೆ, ನಮ್ಮ ಒತ್ತಕ್ಷರ ಮಾತ್ರ ಗೂಡಿನ ಕೆಳಗೆ ಇಳಿಯಲಾರದೆ ಪಕ್ಕದ ಗೂಡಿಗೆ ಜಿಗಿದು ಕೂತುಬಿಡುತ್ತದೆ. ವಕೀಲರು ತಾವು ಬರೆದದ್ದನ್ನು ಟೈಮ್‌ಲೈನಿನಲ್ಲಿ ನೋಡಿದಾಗ "ಶೆಟ್ಟರ" ಎಂಬುದು "ಶೆಟ್‌ ಟರ" ಎಂದಾಗಿತ್ತು, "ಚಿಕ್ಕಮಗಳೂರಿನ ಬೀಜ" ಎಂದಿದ್ದದ್ದು "ಚಿಕ್‌ ಕಮಗಳೂರಿನ ಬೀಜ" ಎಂದಾಗಿತ್ತು. ಮುದ್ರಣ ಕೆಟ್ಟಿತೆಂದು ತಿಳಿದು ಮೇಲ್ಮುಖ ಬಾಣದ ಗುಂಡಿ ಒತ್ತಿದರು. ಹಿಂದಿನ ಆಜ್ಞೆ ಹಾಗೆಯೇ ಮರಳಿ ಬಂದಿತು, ಇನ್ನೊಮ್ಮೆ ಕಳಿಸಿದರು. ಆಗಲೂ ಒತ್ತು ಸರಿಹೋಗಲಿಲ್ಲವೆಂದು ಮೂರನೆಯ ಬಾರಿ ಕಳಿಸಿದರು. ಕೆಟ್ಟದ್ದು ಅವರ ಪರದೆಯ ಮೇಲಷ್ಟೇ. ಲೋಕದ ಉಳಿದೆಲ್ಲ ಫೋನುಗಳಲ್ಲಿ ಮೂರೂ ಸಲ ಒತ್ತು, ದೀರ್ಘ ಸಮೇತ ದೂರು ಸ್ಪಷ್ಟವಾಗಿ ಮೂಡಿತ್ತು.

ಮೇಷ್ಟ್ರು ಫೋನು ಮಾಡಿ ಎಚ್ಚರಿಸಿದ ಮೇಲೆ ಅಳಿಸುವ ಕೆಲಸ ಶುರುವಾಯಿತು. ಅದಕ್ಕೆ ಟೂಟ್ ಡಿಲೀಟ್ ಎಂಬ ಆಜ್ಞೆಯೊಡನೆ ಆ ಬರಹದ 18 ಅಂಕಿಗಳ ಸಂಖ್ಯೆಯನ್ನೂ ಕೊಡಬೇಕು. ವಕೀಲರು ಕನ್ನಡಕ ಏರಿಸಿ ಇಳಿಸಿ ಮೂರು ಸಂಖ್ಯೆಗಳನ್ನು ಟೈಪಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. "ಅಳಿಸಿದ ಮೇಲೆ ಅಳಿಸಿದಂತೆಯೇ ಅಲ್ಲವೇ?" ಎಂದು ಸಂಜೆ ಕೇಳಿದರು. ನಮ್ಮ ಸರ್ವರಿನಲ್ಲಿ ಅಳಿಯುತ್ತದೆ, ಬೇರೆ ಸರ್ವರುಗಳಿಗೆ ಅಳಿಸಿರೆಂಬ ಸುದ್ದಿ ಹೋಗುತ್ತದೆ, ಅವು ಪಾಲಿಸುತ್ತವೆಯೋ ಇಲ್ಲವೋ ಅವುಗಳಿಗೆ ಬಿಟ್ಟದ್ದು ಎಂದರು ಮೇಷ್ಟ್ರು.

"ಆದೇಶ ನಮ್ಮದು, ಜಾರಿ ಅವರದು. ನನಗೆ ಗೊತ್ತಿರುವ ವ್ಯವಸ್ಥೆಯೇ," ಎಂದು ವಕೀಲರು ನಿಟ್ಟುಸಿರಿಟ್ಟರು. "ಅಂತೂ ಡೈರೆಕ್ಟ್ ಎಂದು ಸೇರಿಸಿದ್ದರೆ ಗುಟ್ಟಾಗಿರುತ್ತಿತ್ತು."

"ಅದೂ ಪೋಸ್ಟ್‌ಕಾರ್ಡಿನ ಗುಟ್ಟು. ಬೀಗವಿಲ್ಲ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು."

ಅಷ್ಟು ಹೊತ್ತೂ ಶೆಟ್ಟರು ಏನೂ ಕೇಳದವರಂತೆ ಹಾಲು ಎತ್ತಿ ಸುರಿಯುತ್ತಿದ್ದರು. ಬೆಂಗಳೂರಿನಲ್ಲಿರುವ ಮಗಳು ನೊರೆಕಾಫಿಯ ಫೋಟೋ ಹಾಕಲೆಂದು ಅವರಿಗೂ ಅದೇ ಸರ್ವರಿನಲ್ಲಿ ಖಾತೆ ಮಾಡಿಕೊಟ್ಟಿದ್ದಳೆಂಬುದು, ಸರ್ವರಿನ ಸ್ಥಳೀಯ ಟೈಮ್‌ಲೈನನ್ನು ಅಂದರೆ ಆ ಸರ್ವರಿನವರೆಲ್ಲರ ಸಾರ್ವಜನಿಕ ಬರಹಗಳ ಸಾಲನ್ನು ಅವರು ಪೇಪರಿನಂತೆ ದಿನವೂ ಓದುತ್ತಾರೆಂಬುದು ನಮಗೆ ತಿಳಿದಿರಲಿಲ್ಲ. ಅವರು ಮೂರು ಲೋಟಗಳನ್ನು ತಂದು ವಕೀಲರ ಮುಂದೆ ಸಾಲಾಗಿ ಇಟ್ಟರು.

"ಮೂರು ಸಲ ಬರೆದಿದ್ದೀರಿ, ಮೂರನ್ನೂ ಕುಡಿದು ನೋಡಿ ಸಾರ್. ಚಿಕೋರಿ ಇಲ್ಲದ್ದು ಯಾವುದೆಂದು ಹೇಳಿ."

ವಕೀಲರು ಮೂರನ್ನೂ ಗುಟುಕರಿಸಿ, ಬಹಳ ಹೊತ್ತು ಯೋಚಿಸಿ, ನಡುವಿನದನ್ನು ತೋರಿಸಿದರು.

"ಮೂರೂ ಒಂದೇ ಡಿಕಾಕ್ಷನ್ನು," ಎಂದು ಶೆಟ್ಟರು ಲೋಟಗಳನ್ನು ಎತ್ತಿಕೊಂಡು, ಮೂರು ಕಾಫಿಯ ಲೆಕ್ಕವನ್ನು ವಕೀಲರ ಹೆಸರಿನ ಮುಂದೆ ಬರೆದುಕೊಂಡರು.