ಕುದುರೆ ಕವಚಕ್ಕೆ ಎರಡೂವರೆ ಡಾಲರ್

ವಿಡಿಯೋ ಗೇಮ್ ಆಡುವ ನಾಲ್ಕು ಜನರನ್ನು ಒಂದು ಟೇಬಲ್ಲಿಗೆ ಕೂರಿಸಿ, ಮಧ್ಯೆ ‘ಡಿಎಲ್‌ಸಿ’ ಅಂತ ಒಂದು ಮಾತು ಹಾಕಿ ಸುಮ್ಮನಾಗಿಬಿಡಿ. ಡಿಎಲ್‌ಸಿ ಅಂದರೆ ಆಟಕ್ಕೆ ಬೇರೆಯಾಗಿ ಡೌನ್‌ಲೋಡ್ ಮಾಡಿ ಸೇರಿಸಿಕೊಳ್ಳುವ ಹೆಚ್ಚಿನ ಭಾಗ. ಆಮೇಲೆ ನೀವು ಬಾಯಿ ತೆರೆಯುವ ಅಗತ್ಯವೇ ಬರುವುದಿಲ್ಲ. ಕಾಫಿ ಆರುತ್ತದೆ, ದೋಸೆ ಮೆತ್ತಗಾಗುತ್ತದೆ, ಕಾಯುತ್ತಿರುವ ಗಿರಾಕಿಗಳು ನಿಮ್ಮನ್ನು ದಿಟ್ಟಿಸಿ ನೋಡುತ್ತಾರೆ. ಮಾತು ಮಾತ್ರ ನಿಲ್ಲುವುದಿಲ್ಲ.

ನಮ್ಮ ಕೂಟ ಸೇರುವುದು ಮುಂಬೈಯ ಮಾಟುಂಗಾದಲ್ಲಿ, ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಹೋಟೆಲಿನಲ್ಲಿ, ಭಾನುವಾರ ಬೆಳಗ್ಗೆ. ಕುಲಕರ್ಣಿ ಠಾಣೆಯಿಂದ, ಭಟ್ಟ ಡೊಂಬಿವಲಿಯಿಂದ, ಶೆಟ್ಟಿ ಕುರ್ಲಾದಿಂದ ಬರುತ್ತಾರೆ. ಎಲ್ಲರಿಗೂ ನಲವತ್ತು ದಾಟಿದೆ. ಬೆನ್ನು ನೋವು, ಇಎಂಐ, ಮಕ್ಕಳ ಟ್ಯೂಷನ್ ಎಲ್ಲ ಇದೆ. ಆದರೂ ಮನೆಯವರು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕತ್ತಿ ಹಿಡಿದು ಓಡಾಡುವವರೇ. ಶೆಟ್ಟಿಯ ಜೊತೆ ಅವನ ಅಳಿಯನೂ ಬರುತ್ತಾನೆ. ಅಕ್ಕನ ಮಗ, ಕಾಲೇಜು ಹುಡುಗ. ಅವನು ಬರುವುದು ಮಸಾಲೆ ದೋಸೆಗೆ, ನಮ್ಮ ಮಾತಿಗಲ್ಲ.

ಮೊದಲು ಕಡ್ಡಿ ಗೀರುವವನು ಯಾವಾಗಲೂ ಕುಲಕರ್ಣಿ. ಧಾರವಾಡದವನು. ಆಟಕ್ಕೆ ಪೂರ್ತಿ ದುಡ್ಡು ತಗೊಂಡ ಮೇಲೆ ಮತ್ತೆ ಚೂರು ಚೂರಾಗಿ ಮಾರುವ ಈ ಡಿಎಲ್‌ಸಿ ವ್ಯಾಪಾರದ ಮೇಲೆ ಅವನಿಗೆ ಇರುವ ಸಿಟ್ಟು 2006ರಷ್ಟು ಹಳೆಯದು. ಆ ವರ್ಷ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ ‘ಆಬ್ಲಿವಿಯನ್’ ಆಟದ ಕುದುರೆಗೆ ಒಂದು ಕವಚ ಮಾರಿತು. ಬೆಲೆ ಎರಡೂವರೆ ಡಾಲರ್. ಆಗಿನ ಲೆಕ್ಕದಲ್ಲಿ ನೂರಹತ್ತು ರೂಪಾಯಿ ಆಸುಪಾಸು. ಹೊಸ ಊರಿಲ್ಲ, ಹೊಸ ಶತ್ರು ಇಲ್ಲ, ಕುದುರೆ ಮೇಲೆ ಹೊಳೆಯುವ ತಗಡು.

“ಕುದುರಿ ಅಂಗಿಗೆ ನೂರಾ ಹತ್ತು ರೂಪಾಯಿ ಏನ್ಲೇ? ಅವತ್ತ ನನ್ನ ಮೈಮ್ಯಾಲಿನ ಅಂಗಿಗೂ ಅಷ್ಟ ಕೊಟ್ಟಿರಲಿಲ್ಲ!”

“ನಿನಗೆ ತಗೋ ಅಂತ ಹೇಳಿದವರು ಯಾರು ಮಾರಾಯ?” ಅಂದ ಶೆಟ್ಟಿ.

“ಯಾರೂ ಹೇಳಲಿಲ್ಲ. ನಾ ತಗೊಳ್ಳೂ ಇಲ್ಲ. ಆದ್ರ ಮಾರಿದ್ದು ಯಾಕ?”

ಇದಕ್ಕೆ ಉತ್ತರ ಸುಲಭ. ಜನ ಕೊಂಡರು, ಅದಕ್ಕೇ ಮಾರಿದರು. ಬೈದುಕೊಂಡೇ ಕೊಂಡರು. ಕಂಪನಿಯವರಿಗೂ ಇದು ಗೊತ್ತು. 2009ರ ಏಪ್ರಿಲ್ ಒಂದಕ್ಕೆ ಉಳಿದ ಡಿಎಲ್‌ಸಿಗಳ ಬೆಲೆ ಇಳಿಸಿ, ಕುದುರೆ ಕವಚದ ಬೆಲೆ ಮಾತ್ರ ಎರಡು ಪಟ್ಟು ಮಾಡಿ ತಮಾಷೆ ಮಾಡಿದರು. 2025ರಲ್ಲಿ ಅದೇ ಆಟವನ್ನು ಹೊಸದಾಗಿ ಮಾಡಿ ಬಿಟ್ಟಾಗ, ಜಾಸ್ತಿ ದುಡ್ಡಿನ ಡೀಲಕ್ಸ್ ಆವೃತ್ತಿಯಲ್ಲಿ ಏನಿತ್ತು ಹೇಳಿ? ಹೊಸ ಕುದುರೆ ಕವಚ. ಕುಲಕರ್ಣಿ ಅದನ್ನು ಕೊಂಡಿದ್ದಾನೆ. ಕೇಳಿದರೆ “ಅದು ಬ್ಯಾರೆ ವಿಷಯ” ಅನ್ನುತ್ತಾನೆ.

ಶೆಟ್ಟಿಯ ಅಪ್ಪ ಹೋಟೆಲಿನಲ್ಲಿ ಗಲ್ಲಾ ನೋಡಿಕೊಂಡವರು. ಹಾಗಾಗಿ ಅವನ ಸಿದ್ಧಾಂತ ಅಡುಗೆಮನೆಯಿಂದಲೇ ಬರುತ್ತದೆ. “ನೋಡು, ಇಡ್ಲಿ ತಿಂದಾದ ಮೇಲೆ ಇನ್ನೂ ಹಸಿವಿದೆ, ಒಂದು ವಡೆ ಹೇಳಿದೆ. ಅದಕ್ಕೆ ಬೇರೆ ದುಡ್ಡು. ನ್ಯಾಯ. ಇಡ್ಲಿ ಕೊಟ್ಟು ಸಾಂಬಾರಿಗೆ ಬೇರೆ ಬಿಲ್ ಮಾಡಿದರೆ ಜಗಳ ಆಗ್ತದೆ. ಇನ್ನೊಂದು ಉಂಟು. ವಡೆಯನ್ನು ನಿನ್ನ ತಟ್ಟೆಯಲ್ಲೇ ತಂದಿಟ್ಟು, ಮೇಲೆ ಒಂದು ಮುಚ್ಚಳ ಹಾಕಿ ಬೀಗ ಜಡಿದು, ಕೀಲಿಗೆ ನಲವತ್ತು ರೂಪಾಯಿ ಅಂದರೆ? ಅಪ್ಪನ ಕಾಲದಲ್ಲಿ ಹಾಗೆ ಮಾಡಿದ್ದರೆ ಗಿರಾಕಿ ಗಲ್ಲಾಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗ್ತಿದ್ದ.”

ಈ ಬೀಗದ ವಡೆ ಉತ್ಪ್ರೇಕ್ಷೆಯಲ್ಲ. 2012ರಲ್ಲಿ ‘ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್’ ಬಂದಾಗ ಹನ್ನೆರಡು ಪಾತ್ರಗಳು ಡಿಸ್ಕಿನಲ್ಲೇ ಕೂತಿದ್ದವು. ಆಡುವಂತಿಲ್ಲ. ಮುಂದೆ ದುಡ್ಡು ಕೊಟ್ಟಾಗ ಬೀಗ ತೆಗೆಯುವುದು. ಅದೇ ವರ್ಷ ಮಾರ್ಚ್‌ನಲ್ಲಿ ‘ಮಾಸ್ ಎಫೆಕ್ಟ್ 3’ ಬಂತು. ಕಥೆಗೆ ಮುಖ್ಯವಾದ ಜನಾಂಗದ ಕೊನೆಯ ಜೀವಿ ಅನ್ನಿಸಿಕೊಂಡ ಜಾವಿಕ್ ಎಂಬ ಪಾತ್ರ ಮೊದಲ ದಿನವೇ ಹತ್ತು ಡಾಲರಿನ ಡಿಎಲ್‌ಸಿ. ಆಟ ಬಂದ ದಿನವೇ ಸಿದ್ಧವಾಗಿದ್ದ ಭಾಗ ಆಟದ ಒಳಗೆ ಯಾಕಿಲ್ಲ? ಕೇಳುವವರಿಗೆ ಸಿಟ್ಟು ಬಂದದ್ದು ಸರಿಯಾಗಿಯೇ ಇದೆ.

ಭಟ್ಟನ ದುಃಖ ಬೇರೆ. ಅವನು ‘ಪ್ರಿನ್ಸ್ ಆಫ್ ಪರ್ಷಿಯಾ’ ಭಕ್ತ. 2008ರಲ್ಲಿ ಬಂದ ಆಟ ಅರ್ಧಕ್ಕೆ ಕೈಬಿಟ್ಟಂತೆ ಮುಗಿಯುತ್ತದೆ. ಆಮೇಲೆ ಏನಾಯಿತು ಅಂತ ಮರುವರ್ಷ ‘ಎಪಿಲಾಗ್’ ಎಂಬ ಡಿಎಲ್‌ಸಿಯಲ್ಲಿ ಹೇಳಿದರು. ಅದು ಟಿವಿಗೆ ಜೋಡಿಸಿ ಆಡುವ ಕನ್ಸೋಲಿಗೆ ಮಾತ್ರ ಬಂತು. ಪಿಸಿಗೆ ಬರಲೇ ಇಲ್ಲ. ಭಟ್ಟನ ಹತ್ತಿರ ಇದ್ದದ್ದು ಪಿಸಿ.

“ದುಡ್ಡು ಕೊಡ್ತೇನೆ ಅಂದರೂ ಮಾರಲಿಲ್ಲ” ಅಂತ ಅವನು ಇವತ್ತಿಗೂ ಹೇಳುತ್ತಾನೆ. ಡಿಎಲ್‌ಸಿ ಮಾರಿದ್ದಕ್ಕೆ ಜಗತ್ತೆಲ್ಲ ಅಳುವಾಗ, ಮಾರಲಿಲ್ಲ ಅಂತ ಅಳುವ ಒಬ್ಬನೇ ಗಿರಾಕಿ ನಮ್ಮ ಭಟ್ಟ.

ಇದೇ ಭಟ್ಟನ ಇನ್ನೊಂದು ಖಯಾಲಿ ಹೇಳಲೇಬೇಕು. ದಿನಾ ಬೆಳಗ್ಗೆ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ದೇವರ ಮೇಲೆ ಭಾರ ಹಾಕಿ ಬರುವವನು, ಸಂಜೆ ಮನೆಗೆ ಹೋಗಿ ಆಡುವುದು ರೈಲು ಓಡಿಸುವ ಆಟ. ‘ಟ್ರೇನ್ ಸಿಮ್ಯುಲೇಟರ್’. ಅದರಲ್ಲಿ ಪ್ರತಿ ಹಳಿ ಮಾರ್ಗಕ್ಕೂ, ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಎಲ್‌ಸಿ. ಎಲ್ಲವನ್ನೂ ಪೂರ್ತಿ ಬೆಲೆಗೆ ಕೊಂಡರೆ ಸಾವಿರಾರು ಡಾಲರ್ ಆಗುತ್ತದೆ. ಇದನ್ನು ಯಾರೂ ಮೋಸ ಅನ್ನುವುದಿಲ್ಲ, ಯಾಕೆಂದರೆ ಯಾರೂ ಎಲ್ಲವನ್ನೂ ಕೊಳ್ಳುವುದಿಲ್ಲ. ತನಗೆ ಬೇಕಾದ ಎಂಜಿನ್ ತಗೊಂಡು ಸುಖವಾಗಿರುತ್ತಾರೆ.

“ಮತ್ತ ನಮ್ಮ ಸೆಂಟ್ರಲ್ ಲೈನ್ ಓಡಸಾಕ ನಿನಗ ಎಷ್ಟ ಕೊಡ್ಲಿ?” ಕುಲಕರ್ಣಿ ಕೇಳಿದ.

“ಸೀಟು ಸಿಗೋದಾದರೆ ಮಾತ್ರ ಓಡಿಸ್ತೇನೆ.”

ನನ್ನನ್ನು ಕೇಳಿದರೆ, ದುಡ್ಡು ಕೊಡುವುದರ ಬಗ್ಗೆ ನಮ್ಮವರಿಗೆ ನಿಜವಾಗಿ ತಕರಾರಿಲ್ಲ. ‘ವಿಚರ್ 3’ ನೋಡಿ. 2015ರಲ್ಲಿ ಬಂದ ಆಟ. ಹದಿನಾರು ಸಣ್ಣ ಡಿಎಲ್‌ಸಿಗಳನ್ನು ಪುಕ್ಕಟೆ ಹಂಚಿದರು. ಆಮೇಲೆ ಎರಡು ದೊಡ್ಡ ವಿಸ್ತರಣೆಗಳಿಗೆ ದುಡ್ಡು ಕೇಳಿದರು. ಅದರಲ್ಲಿ ‘ಬ್ಲಡ್ ಆ್ಯಂಡ್ ವೈನ್’ ಹೇಗಿತ್ತೆಂದರೆ, ದ್ರಾಕ್ಷಿ ತೋಟಗಳ ಒಂದು ಇಡೀ ಸೀಮೆಯೇ ಹೊಸದು, ನಾಯಕನಿಗೆ ಸ್ವಂತ ಮನೆ ಬೇರೆ. ಮುಂಬೈಯಲ್ಲಿ ಬಾಡಿಗೆ ಕಟ್ಟುವ ನಮಗೆ ಆ ಮನೆ ನೋಡಿಯೇ ಕಣ್ಣು ತುಂಬಿತು. 2016ರ ಗೇಮ್ ಅವಾರ್ಡ್ಸ್‌ನಲ್ಲಿ ಆ ವರ್ಷದ ಒಳ್ಳೆಯ ರೋಲ್ ಪ್ಲೇಯಿಂಗ್ ಆಟ ಅಂತ ಬಹುಮಾನ ಸಿಕ್ಕಿದ್ದು ಅದಕ್ಕೇ. ಅಂದರೆ ಬೇರೆ ಪೂರ್ತಿ ಆಟಗಳನ್ನು ಒಂದು ವಿಸ್ತರಣೆ ಸೋಲಿಸಿತು. ಅದಕ್ಕೆ ದುಡ್ಡು ಕೊಟ್ಟು ಗೊಣಗಿದವನನ್ನು ನಾನಿನ್ನೂ ನೋಡಿಲ್ಲ.

ಎದುರು ತುದಿಯಲ್ಲಿ 2017ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಇದೆ. ಪೂರ್ತಿ ಬೆಲೆ ಕೊಟ್ಟವನೂ ಕಥೆಯ ಹೆಸರಾಂತ ಖಳ ಡಾರ್ತ್ ವೇಡರ್ ಆಗಿ ಆಡಬೇಕಾದರೆ ಗಂಟೆಗಟ್ಟಲೆ ಬೆವರು ಸುರಿಸಬೇಕಿತ್ತು. ಇದು ನಿಮ್ಮ ಹೆಮ್ಮೆಗೆ, ಸಾಧನೆಯ ಖುಷಿಗೆ ಅಂತ ಇಎ ಕಂಪನಿ ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ಸಮಜಾಯಿಷಿ ಕೊಟ್ಟಿತು. ಆರೂವರೆ ಲಕ್ಷಕ್ಕೂ ಜಾಸ್ತಿ ಜನರ ನಾಪಸಂದಿ ಬಿದ್ದು ಅದು ಗಿನ್ನೆಸ್ ದಾಖಲೆಗೆ ಹೋಯಿತು. ಸಾಧನೆ ಅಂದರೆ ಅದು.

ಇಷ್ಟು ಹೊತ್ತು ದೋಸೆಯ ಮೂಲೆ ಮುರಿಯುತ್ತಿದ್ದ ಅಳಿಯ ಆಗ ತಲೆ ಎತ್ತಿದ. “ಮಾವ, ಈ ಆಬ್ಲಿವಿಯನ್, ವೈಸ್ ಸಿಟಿ ಎಲ್ಲ ಆಗ ನೀವು ಎಲ್ಲಿಂದ ತಗೊಂಡ್ರಿ?”

ಟೇಬಲ್ಲು ತಣ್ಣಗಾಯಿತು. ಲ್ಯಾಮಿಂಗ್ಟನ್ ರೋಡ್ ಫುಟ್‌ಪಾತಿನ ಆ ಪ್ಲಾಸ್ಟಿಕ್ ಕವರ್ ಎಲ್ಲರ ಕಣ್ಣ ಮುಂದೆ ಬಂದಿರಬೇಕು. ಮೇಲೆ ಜೆರಾಕ್ಸ್ ಮಾಡಿದ ಬಣ್ಣ ಮಾಸಿದ ಚಿತ್ರ, ಒಳಗೆ ಮಾರ್ಕರಿನಲ್ಲಿ ‘ಡಿಸ್ಕ್ 2’ ಅಂತ ಗೀಚಿದ ಸಿಡಿ. ಮನೆಗೆ ಬಂದು ನೋಡಿದರೆ ಡಿಸ್ಕ್ 2 ಎರಡು, ಡಿಸ್ಕ್ 1 ಇಲ್ಲ.

“ಅದು ಬ್ಯಾರೆ ವಿಷಯ” ಅಂದ ಕುಲಕರ್ಣಿ. ಅವನಿಗೆ ಬೇಡವಾದದ್ದೆಲ್ಲ ಬೇರೆ ವಿಷಯವೇ.

ಮಾತು ತಿರುಗಿಸುವುದಕ್ಕೆ ನಾನೇ ಎರಡನೇ ಭಾಗಗಳ ವಿಷಯ ಎತ್ತಿದೆ. ಇದು ಇನ್ನೂ ಮಜಾ ಇರುವ ಜಗಳ. ಗೇಮರ್‌ಗೆ ಹೊಸ ಭಾಗ ಹೇಗಿರಬೇಕು ಅಂದರೆ, ಪೂರ್ತಿ ಹೊಸದಾಗಿರಬೇಕು, ಏನೂ ಬದಲಾಗಿರಬಾರದು. ಬದಲಾಯಿಸದಿದ್ದರೆ “ಹಳೇದನ್ನೇ ಬಣ್ಣ ಹೊಡೆದು ಕೊಟ್ಟರು” ಅನ್ನುತ್ತಾರೆ. ಬದಲಾಯಿಸಿದರೆ “ಹಾಳು ಮಾಡಿದರು” ಅನ್ನುತ್ತಾರೆ. ಭಟ್ಟ ಪರ್ಷಿಯಾದ ರಾಜಕುಮಾರನ ಬಗ್ಗೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. 2003ರಲ್ಲಿ ನಗುತ್ತಾ ಕಥೆ ಹೇಳುತ್ತಿದ್ದ ಹುಡುಗ, 2004ರ ಭಾಗದಲ್ಲಿ ಗಡ್ಡ ಬಿಟ್ಟು, ಮುಖ ಗಂಟಿಕ್ಕಿ, ಹಿಂದೆ ಹೆವಿ ಮೆಟಲ್ ಸಂಗೀತ ಹಾಕಿಕೊಂಡು ಬಂದ. “ಒಂದೇ ವರ್ಷದಲ್ಲಿ ಮನುಷ್ಯ ಹಾಗಾಗ್ತಾನಾ?” ಅಂತ ಭಟ್ಟ ಕೇಳಿದ. “ಮದುವೆಯಾದರೆ ಆಗ್ತಾನೆ” ಅಂದ ಶೆಟ್ಟಿ.

ಕುಲಕರ್ಣಿಯ ದೂರು ಜಿಟಿಎ ಆಟಗಳ ಸರಣಿಯ ಮೇಲೆ. ಈ ಸಲ ಅವನ ಮಾತಿನಲ್ಲಿ ಹುರುಳಿತ್ತು. 2004ರ ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ವಿಮಾನ ಓಡಿಸಬಹುದಿತ್ತು, ಜಿಮ್ಮಿಗೆ ಹೋಗಿ ಮೈ ಬೆಳೆಸಬಹುದಿತ್ತು, ಜಾಸ್ತಿ ತಿಂದರೆ ಹೊಟ್ಟೆ ಬರುತ್ತಿತ್ತು, ಪ್ಯಾರಾಶೂಟ್ ಕಟ್ಟಿಕೊಂಡು ಹಾರಬಹುದಿತ್ತು. 2008ರ ‘ಜಿಟಿಎ 4’ ಬಂದಾಗ ಇದೆಲ್ಲ ಮಾಯ. ನಗರ ನಿಜದಂತೆ ಕಾಣುತ್ತಿತ್ತು, ಕಥೆ ಗಂಭೀರವಾಗಿತ್ತು, ಆದರೆ ಕುಲಕರ್ಣಿಗೆ ಬೇಕಾದ ಹುಚ್ಚಾಟ ಇರಲಿಲ್ಲ. ಮರುವರ್ಷ ‘ದಿ ಬಲ್ಲಾಡ್ ಆಫ್ ಗೇ ಟೋನಿ’ ಎಂಬ ಡಿಎಲ್‌ಸಿ ಬಂತು. ಅದರಲ್ಲಿ ಪ್ಯಾರಾಶೂಟ್ ಇತ್ತು.

“ನನ್ನದ ಪ್ಯಾರಾಶೂಟ್ ಕಸಗೊಂಡು ನನಗ ಮಾರಿದರಲೇ!”

ಆ ಡಿಎಲ್‌ಸಿ ಚೆನ್ನಾಗಿತ್ತು ಅಂತ ನನಗನ್ನಿಸುತ್ತದೆ. ಕುಲಕರ್ಣಿಗೆ ಹೇಳಲಿಲ್ಲ. ದೋಸೆಗೆ ಚಾಕು ಕೊಟ್ಟಿರಲಿಲ್ಲ ನಿಜ, ಆದರೂ ಫೋರ್ಕ್ ಇತ್ತು.

ಇಷ್ಟಾದರೂ ಕುಲಕರ್ಣಿಯ ಹಳೆಯ ಸ್ಯಾನ್ ಆಂಡ್ರಿಯಾಸ್ ಎಲ್ಲೂ ಹೋಗಿರಲಿಲ್ಲ. ಹೊಸದು ರುಚಿಸದಿದ್ದರೆ ಹಳೆಯದನ್ನು ಮತ್ತೆ ಆಡಬಹುದು. ಹಾಗಿರುವಾಗ ಹೊಸ ಭಾಗದಲ್ಲಿ ಅವರು ಏನು ಬೇಕಾದರೂ ಮಾಡಿಕೊಳ್ಳಲಿ, ನನ್ನ ತಕರಾರಿಲ್ಲ. ನನಗೆ ಸಿಟ್ಟು ಬರುವುದು ಹಳೆಯದನ್ನು ಕಿತ್ತುಕೊಂಡಾಗ. ತಂಡ ಕಟ್ಟಿ ಆನ್‌ಲೈನಿನಲ್ಲಿ ಆಡುವ ‘ಓವರ್‌ವಾಚ್’ ಅನ್ನು 2016ರಲ್ಲಿ ಜನ ದುಡ್ಡು ಕೊಟ್ಟು ಕೊಂಡರು. 2022ರ ಅಕ್ಟೋಬರ್‌ನಲ್ಲಿ ‘ಓವರ್‌ವಾಚ್ 2’ ಬಂತು, ಮೊದಲನೆಯದು ಬಾಗಿಲು ಹಾಕಿತು. ಆರು ಜನರ ತಂಡ ಐದಾಯಿತು. ಎರಡನೇ ಭಾಗ ಯಾಕೆ ಬೇಕು ಅಂದಾಗ ಅವರು ತೋರಿಸುತ್ತಿದ್ದದ್ದು ಕಂಪ್ಯೂಟರ್ ಶತ್ರುಗಳ ವಿರುದ್ಧ ಆಡುವ ‘ಹೀರೋ ಮೋಡ್’ ಎಂಬ ದೊಡ್ಡ ವಿಭಾಗವನ್ನು. 2023ರ ಮೇ ತಿಂಗಳಲ್ಲಿ ಅದನ್ನೂ ಕೈಬಿಟ್ಟೆವು ಅಂದರು. ‘ಕೌಂಟರ್ ಸ್ಟ್ರೈಕ್’ನವರೂ 2023ರ ಸೆಪ್ಟೆಂಬರ್‌ನಲ್ಲಿ ‘ಗೋ’ ಎಂಬ ಹಳೆಯ ಭಾಗ ಇದ್ದ ಜಾಗದಲ್ಲೇ ಎರಡನೆಯದನ್ನು ಕೂರಿಸಿದರು. ರಾತ್ರಿ ಒಂದು ಆಟ ಆಡಿ ಮಲಗಿದವನಿಗೆ ಬೆಳಗ್ಗೆ ಇನ್ನೊಂದು ಆಟ.

ಭಟ್ಟನಿಗೆ ಪಕ್ಕದ ಪುಣೆಯ ನೆನಪಾಯಿತು. ಅಲ್ಲಿಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 2020ರಲ್ಲಿ ‘ರಾಜಿ’ ಅಂತ ಆಟ ಮಾಡಿತು. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಅಕ್ಕನ ಕಥೆ. ನೋಡಲು ಅಷ್ಟು ಚೆಂದ, ಆದರೆ ಕಥೆ ಇನ್ನೂ ಇದೆ ಅನ್ನುವಾಗಲೇ ಪರದೆ ಬೀಳುತ್ತದೆ. “ಉಳಿದದ್ದಕ್ಕೆ ದುಡ್ಡು ಕೇಳಲಿ, ಈಗಲೇ ಕೊಡ್ತೇನೆ” ಅಂದ. ಇವನು ಯಾವ ಆಟವನ್ನೂ ಪೂರ್ತಿ ಕೊನೆ ಇರುವಂಥದ್ದು ಆರಿಸುವುದೇ ಇಲ್ಲ.

“ಕೊಟ್ಟರೂ ಅದು ನಿಮ್ಮದಲ್ಲ ಅಂಕಲ್” ಅಂದ ಅಳಿಯ. ದೋಸೆ ಮುಗಿದಿತ್ತು, ಈಗ ಅವನಿಗೆ ಪುರುಸೊತ್ತು. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟದ ಸರ್ವರ್ ಅನ್ನು 2024ರ ಮಾರ್ಚ್ ಕೊನೆಗೆ ನಿಲ್ಲಿಸಿದ್ದು, ಒಬ್ಬನೇ ಆಡುವ ಭಾಗವೂ ಅದರ ಜೊತೆ ಸತ್ತದ್ದು, ಡಿಜಿಟಲ್ ಅಂಗಡಿಯವರು ಕೊಡುವುದು ಬರೀ ಲೈಸೆನ್ಸ್ ಆದರೆ ಹಾಗಂತ ಮೊದಲೇ ತಿಳಿಸಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನು ಬಂದದ್ದು, ಎಲ್ಲವನ್ನೂ ಒಪ್ಪಿಸಿದ. ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಖಾತೆಯನ್ನು ಉಯಿಲಿನಲ್ಲಿ ಯಾರಿಗೂ ಬರೆದುಕೊಡುವ ಹಾಗಿಲ್ಲ ಅಂತಲೂ ಸೇರಿಸಿದ.

ಶೆಟ್ಟಿ ಲೋಟ ಕೆಳಗಿಟ್ಟ. “ಅಂದರೆ? ನಮ್ಮಲ್ಲಿ ಅಳಿಯಸಂತಾನ ಉಂಟಲ್ಲ. ಗದ್ದೆ, ತೋಟ, ದೈವದ ಮನೆ ಎಲ್ಲ ಅಳಿಯನಿಗೆ ಬರ್ತಿತ್ತು. ನನ್ನ ಆಟ ಬರೋದಿಲ್ವಾ?”

“ಬರೋದಿಲ್ಲ ಮಾವ.”

“ಪಾಸ್‌ವರ್ಡ್ ಕೊಟ್ಟರೆ?”

“ಅದಕ್ಕೂ ರೂಲ್ಸ್ ಒಪ್ಪೋದಿಲ್ಲ.”

“ರೂಲ್ಸ್ ಸಾಯ್ಲಿ. ಕುರ್ಲಾದಲ್ಲಿ ಯಾರು ನೋಡ್ತಾರೆ?” ಶೆಟ್ಟಿ ಕಾಗದದ ನ್ಯಾಪ್‌ಕಿನ್ ಮೇಲೆ ಬರೆಯಲು ಪೆನ್ನು ತೆಗೆದೇ ಬಿಟ್ಟ. ಮಾಣಿಯೂ ಇಣುಕಿ ನೋಡಿದ.

ಅಳಿಯ ನ್ಯಾಪ್‌ಕಿನ್ ತಗೊಂಡು, ಫೋನಿನಲ್ಲಿ ಲಾಗಿನ್ ಆಗಿ, ಮಾವನ ಆಟಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಸರಿಸಿ ನೋಡಿದ. ಮುಖದಲ್ಲಿ ಖುಷಿ ಕಾಣಲಿಲ್ಲ.

“ಮಾವ, ಇದರಲ್ಲಿ ಬರೀ ಆಟಗಳಿವೆ. ಡಿಎಲ್‌ಸಿ ಒಂದೂ ಇಲ್ಲ. ನಾಳಿದ್ದಿನ ಸೇಲ್‌ನಲ್ಲಿ ಅದನ್ನೂ ತಗೊಂಡು ಇಟ್ಟುಬಿಡಿ.”