ಅಪ್ಪಚ್ಚಿ ಹಂಚಿದ ಸುದ್ದಿ, ದೊಡ್ಡಪ್ಪನ ಲಾಟರಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ನಡೆದದ್ದು. ಹೆಸರುಗಳು ನನ್ನ ಮೊಬೈಲಿನಲ್ಲಿರುವಂತೆಯೇ ಇವೆ. ಅಪ್ಪಚ್ಚಿ ಎಂದರೆ ಚಿಕ್ಕಪ್ಪ. ಕಂಪವಾತ, ಅಂದರೆ ಪಾರ್ಕಿನ್ಸನ್ ರೋಗ, ಇರುವ ದೊಡ್ಡಪ್ಪ ಈ ಗುಂಪಿನಲ್ಲಿಲ್ಲ.

ಪೆರ್ಲ ಅಪ್ಪಚ್ಚಿ: ‘ಕಂಪವಾತದ ಮಾತ್ರೆ ತಿಂದರೆ ಜೂಜುಕೋರರಾಗುತ್ತೀರಿ! ಇಂದೇ ಬಿಟ್ಟುಬಿಡಿ!’ ಈ ಸುದ್ದಿ ಓದಿದಿರಾ? ನಾನು ಆಗಲೇ ಹೇಳಿದ್ದೆ.

ಮುಳ್ಳೇರಿಯ ಭಾವ: ಮಾತ್ರೆಗೆ ಲಾಟರಿ ಅಂಗಡಿಯ ದಾರಿ ಗೊತ್ತಿದೆಯೇ? ಮಾವನಿಗೆ ಚಟ ಹತ್ತಿದೆ, ಅಷ್ಟೇ. ಕೇರಳ ಸರಕಾರವೇ 1967ರಿಂದ ಮಾರುತ್ತಿದೆ, ಊರಿಗೆ ಊರೇ ಕೊಳ್ಳುತ್ತದೆ.

ನೀರ್ಚಾಲು ಅತ್ತೆ: ಊರು ಕೊಂಡರೂ ಅಣ್ಣ ಕೊಂಡವನಲ್ಲ. ಕೋಳಿ ಅಂಕದ ಹತ್ತಿರ ನಿಂತದ್ದಕ್ಕೆ ನಿನ್ನ ಕಿವಿ ಹಿಂಡಿದವನು ಯಾರು, ನೆನಪಿದೆಯೇ?

ಬದಿಯಡ್ಕ ಅಕ್ಕ: ಮೊನ್ನೆ ಅಟ್ಟದಲ್ಲಿ ಅಡಿಕೆ ಹಾಳೆಗಳ ಹಿಂದೆ ಟಿಕೆಟಿನ ಕಟ್ಟುಗಳು ಸಿಕ್ಕಿದವು. ಪ್ರತಿ ಕಟ್ಟಿಗೂ ರಬ್ಬರ್ ಬ್ಯಾಂಡ್, ಮೇಲೆ ತಾರೀಕು. ಈ ರೋಗದಲ್ಲಿ ಅಕ್ಷರ ಸಣ್ಣದಾಗುತ್ತ ಹೋಗುತ್ತದಲ್ಲ, ಸಾಸಿವೆ ಚೆಲ್ಲಿದ ಹಾಗಿತ್ತು. ಎಲ್ಲವೂ ಪ್ರಮಿಪೆಕ್ಸೋಲ್ ಮಾತ್ರೆಯ ಪ್ರಮಾಣ ಏರಿಸಿದ ಮೇಲಿನವು.

ಇಲ್ಲಿ ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ಭಾವ ಏನೋ ಟೈಪ್ ಮಾಡುವುದು, ನಿಲ್ಲಿಸುವುದು ಕಾಣುತ್ತಿತ್ತು. ಅಕ್ಕನೇ ಮುಂದುವರಿಸಿದಳು.

ಬದಿಯಡ್ಕ ಅಕ್ಕ: ಆ ಮಾತ್ರೆ ಮೆದುಳಿನಲ್ಲಿ ಡೋಪಮಿನ್‌ನ ಕೆಲಸ ಮಾಡುತ್ತದೆ. ಕೈಕಾಲು ಆಡಿಸುವ ಭಾಗಕ್ಕೆ ಅದು ಬೇಕು, ಆದರೆ ಆಸೆ ಕೆರಳಿಸುವ ಭಾಗವನ್ನೂ ಅದು ಬಿಡುವುದಿಲ್ಲ. ಅಮೆರಿಕ, ಕೆನಡಾದ 3,090 ರೋಗಿಗಳ ಅಧ್ಯಯನ 2010ರಲ್ಲಿ ಪ್ರಕಟವಾಗಿದೆ. ಈ ಬಗೆಯ ಮಾತ್ರೆ ನುಂಗುವವರಲ್ಲಿ ಶೇ. 17.1 ಮಂದಿಗೆ ಜೂಜು, ಖರೀದಿ, ತಿನಿಸು, ಕಾಮ, ಯಾವುದಾದರೂ ಒಂದರಲ್ಲಿ ಹಿಡಿತ ತಪ್ಪಿತ್ತು. ನುಂಗದವರಲ್ಲಿ ಶೇ. 6.9.

ಮುಳ್ಳೇರಿಯ ಭಾವ: ಹಾಗಾದರೆ ನೂರರಲ್ಲಿ 83 ಮಂದಿ ನೆಟ್ಟಗೇ ಇದ್ದಾರೆ.

ಬದಿಯಡ್ಕ ಅಕ್ಕ: ಹೌದು ಭಾವ. ಅಪ್ಪ ಉಳಿದ 17ರಲ್ಲಿ ಬಿದ್ದರು. ಅವರಿಗೆ ಹೊಡೆದ ಲಾಟರಿ ಅದೊಂದೇ.

ಪೆರ್ಲ ಅಪ್ಪಚ್ಚಿ: ನಾನೂ ಅದನ್ನೇ ಹೇಳುವುದು! ಇವತ್ತೇ ನಿಲ್ಲಿಸಿ.

ಬದಿಯಡ್ಕ ಅಕ್ಕ: ಬೇಡ ಅಪ್ಪಚ್ಚಿ. ಥಟ್ಟನೆ ಬಿಟ್ಟರೆ ಮೈ ಬಿಗಿದುಕೊಳ್ಳುತ್ತದೆ, ಬೆವರು, ಚಡಪಡಿಕೆ, ಖಿನ್ನತೆಯೂ ಹಿಡಿಯಬಹುದು. ವೈದ್ಯರೇ ನೋಡಿಕೊಂಡು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಗುರುವಾರ ಮಂಗಳೂರಿಗೆ ಹೋಗುತ್ತೇವೆ. ದಯವಿಟ್ಟು ಆ ಸುದ್ದಿಯನ್ನು ಅಪ್ಪನಿಗೆ ಕಳಿಸಬೇಡಿ.

ನೀರ್ಚಾಲು ಅತ್ತೆ: ವೈದ್ಯರ ಎದುರು ಲಾಟರಿಯ ಮಾತೆತ್ತಲು ಅಣ್ಣ ಬಿಡುತ್ತಾನೆಯೇ?

ದೊಡ್ಡಮ್ಮ: ನಾನು ಎತ್ತುತ್ತೇನೆ. ಕಟ್ಟುಗಳನ್ನು ಚೀಲಕ್ಕೆ ತುಂಬಿಸಿ ಆಗಿದೆ. ಮುಳ್ಳೇರಿಯದವನು ಕಾರು ತರಲಿ. ಮೂರು ಗಂಟೆಯೊಳಗೆ ಮನೆ ಮುಟ್ಟಬೇಕೆಂದು ಇವರು ಈಗಲೇ ಷರತ್ತು ಹಾಕಿದ್ದಾರೆ, ಫಲಿತಾಂಶ ನೋಡಬೇಕಂತೆ.