ಬೇಟೆ ಬಿಟ್ಟವರಿಗೂ ಕಾಡು ಯಾಕೆ ಬಿಡಲ್ಲ?

ನಮ್ಮಜ್ಜ 1972ರ ವನ್ಯಜೀವಿ ರಕ್ಷಣೆ ಕಾನೂನು ಬಂದ ಮೇಲೆ ಬೇಟೆ ಬಿಟ್ಟರು. ಆದರೂ ಮಳೆ ಹೊಳವಾದ ದಿನ ಕೋವಿ ಒರೆಸಿ, ಎಣ್ಣೆ ಹಾಕಿ ಒಳಗಿಟ್ಟು, ಬರಿಗೈಲಿ ಕಾಡಂಚಿಗೆ ಹೋಗಿ ಸುಮ್ನೆ ಕೂತು ಬರುತ್ತಿದ್ದರು. ಮಾಂಸಕ್ಕಲ್ಲ ಅಂದ್ರೆ ಮತ್ಯಾಕೆ?

ಕೊಡಗಿನವ: ನಮ್ಮಲ್ಲಿ ಕೋವಿ ಮನೆಯ ಒಬ್ಬರಿದ್ದ ಹಾಗೆ. ಸೆಪ್ಟೆಂಬರಿನ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ತೋಕ್ ಪೂ, ಅಂದ್ರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತೇವೆ. ಗುರಿ ಈಗ ಮರದ ತುದಿಯ ತೆಂಗಿನಕಾಯಿಗೆ. ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಜೊತೆ ಸಾಕಿದ ಹಂದಿ, ಯಾರೂ ದೂರಿಲ್ಲ!

ಮಲೆನಾಡಿಗ: ನನಗೆ ಹತ್ತುಮೀನಿನ ಹುಚ್ಚು. ಮುಂಗಾರಿಗೆ ಮೀನು ಹೊಳೆಯಿಂದ ಗದ್ದೆಯ ಕಡೆ ಹತ್ತುತ್ತವೆ, ಅಪ್ಪ ಟಾರ್ಚ್ ಹಿಡಿದು ಮುಂದೆ, ನಾನು ಬುಟ್ಟಿ ಹಿಡಿದು ಹಿಂದೆ, ಕಾಲಿಗೆ ಇಂಬಳ (ಜಿಗಣೆ) ಹತ್ತಿದ್ದು ಮನೆಗೆ ಬಂದ ಮೇಲೇ ಗೊತ್ತಾಗೋದು. ಅಪ್ಪ ಜಾಸ್ತಿ ಮಾತಾಡುತ್ತಿದ್ದುದು ಆ ಒಂದು ರಾತ್ರಿ ಮಾತ್ರ. ಮೊಟ್ಟೆ ಇಡಲು ಬರುವ ಮೀನು ಅಂತ ತಿಳಿದ ಮೇಲೆ ಹಿಡಿಯೋದು ಬಿಟ್ಟೆ. ನೋಡೋಕೆ ಈಗಲೂ ಹೋಗುತ್ತೇನೆ.

ಕೇಳಿದವನು: ಅಜ್ಜನೂ ಮನೇಲಿ ಮಾತು ಕಮ್ಮಿ. ಕಾಡಲ್ಲಿ ಹೇಗಿದ್ದರೋ, ನಾನು ಒಮ್ಮೆಯೂ ಜೊತೆಗೆ ಹೋಗಲಿಲ್ಲ.